ರಿಟರ್ನ್ ಬಟನ್ ಮಾಯವಾದ ಮೇಲೆ

ಕಳೆದ ಭಾನುವಾರ ವಿಜಯನಗರದಲ್ಲಿ ನಮ್ಮ ಬಡಾವಣೆಯವರ ಮುಂದೆ ಆಡಿದ ಮಾತು ಇದು. ಬರೆದು ಕೊಡಿ ಎಂದು ಹಲವರು ಕೇಳಿದರು. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿ, ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ತುಂಬಿ, ಹೆಚ್ಚುಕಮ್ಮಿ ಮಾತಾಡಿದ ಹಾಗೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ನೇರವಾಗಿ ಅಮ್ಮನ ಮಿಕ್ಸಿಯಿಂದಲೇ ಶುರು ಮಾಡುತ್ತೇನೆ.

ಹಬ್ಬದ ಸೇಲ್‌ನಲ್ಲಿ 4,299 ರೂಪಾಯಿಗೆ ತರಿಸಿದ ಮಿಕ್ಸಿ. ಹಳೇದು ಹದಿನಾಲ್ಕು ವರ್ಷ ದುಡಿದು ಸುಸ್ತಾಗಿತ್ತು. ಹೊಸದು ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಇಟ್ಟು, ತೆಂಗಿನಕಾಯಿ ಚಟ್ನಿ ರುಬ್ಬಿದರು. ದೊಡ್ಡ ಜಾರ್‌ನ ಅಡಿಯಿಂದ ಅವತ್ತೇ ನೀರು ಜಿನುಗುತ್ತಿತ್ತಂತೆ. ಅಮ್ಮ ಯಾರಿಗೂ ಹೇಳಲಿಲ್ಲ. ಒಂದು ಸುತ್ತು ರುಬ್ಬುವುದು, ಜಾರ್ ಎತ್ತುವುದು, ಹಳೇ ಪಂಚೆ ತುಂಡಿನಿಂದ ಒರೆಸುವುದು, ಮತ್ತೆ ರುಬ್ಬುವುದು. ಹೀಗೆ ಹನ್ನೊಂದು ದಿನ. ಹನ್ನೆರಡನೇ ದಿನ ಸುಟ್ಟ ವಾಸನೆ ಬಂದು ಮಿಕ್ಸಿ ನಿಂತೇ ಹೋಯಿತು.

ನಾನು ಹೋಗಿ ಜಾರ್ ತಿರುಗಿಸಿ ನೋಡಿದೆ. ಬ್ಲೇಡಿನ ಕೆಳಗೆ ಇರುತ್ತಲ್ಲ ಬುಷ್, ಅದರ ಸುತ್ತ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಕಾಯಿಚಟ್ನಿ ಒಣಗಿ ಬೆಳ್ಳಗೆ ಅಂಟಿಕೊಂಡಿತ್ತು, ಅದರಾಚೆ ಕಪ್ಪು ಗ್ರೀಸಿನ ಒಂದು ಉಂಗುರ. ಅಂದರೆ ಒಳಗಿನ ಚಟ್ನಿ ನೀರು ಕೆಳಗೆ ಮೋಟರಿಗೆ ಹೋಗುತ್ತಿತ್ತು, ಕೆಳಗಿನ ಗ್ರೀಸು ಮೇಲೆ ಚಟ್ನಿಗೆ ಬರುತ್ತಿತ್ತು. ಹನ್ನೊಂದು ದಿನ ಅದನ್ನೇ ತಿಂದಿದ್ದೇವೆ ಎಂದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಆ್ಯಪ್ ತೆರೆದರೆ ರಿಟರ್ನ್ ಬಟನ್ ಇಲ್ಲ. '7 ದಿನ, ಬದಲಿ ಮಾತ್ರ' ಎಂದಿತ್ತು, ಆ 7 ದಿನ ಮುಗಿದಿತ್ತು. ಚಾಟ್‌ನಲ್ಲಿ ಕೇಳಿದರೆ ಅದೇ ಉತ್ತರ ಮೂರು ಸಲ: ಅವಧಿ ಮುಗಿದಿದೆ, ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೂ ಹೋದೆ. ಅವರು ಬಿಚ್ಚಿ ನೋಡಿ, 'ಮೋಟರಿಗೆ ನೀರು ಹೋಗಿದೆ, ಇದು ವಾರಂಟಿಗೆ ಬರಲ್ಲ' ಎಂದರು. ನೀರು ಹೋಗಿದ್ದು ನಿಮ್ಮದೇ ಜಾರ್ ಸೋರಿದ್ದಕ್ಕೆ ಅಲ್ವಾ ಎಂದರೆ ಉತ್ತರ ಇಲ್ಲ. ಮನೆಗೆ ಬಂದು ಹೇಳಿದರೆ ಅಮ್ಮ, 'ಹೋಗ್ಲಿ ಬಿಡು, ಯಾಕೆ ಸುಮ್ನೆ ಅಲೀತೀಯ' ಅಂದುಬಿಟ್ಟರು.

ಈ 'ಹೋಗ್ಲಿ ಬಿಡು' ಇದೆಯಲ್ಲ, ನಾನು ಇವತ್ತು ಮಾತಾಡಲು ಬಂದಿರುವುದೇ ಅದರ ಬಗ್ಗೆ. ನಮ್ಮಲ್ಲಿ ಸಾವಿರ, ಎರಡು ಸಾವಿರ, ನಾಲ್ಕು ಸಾವಿರ ಹೀಗೇ ಹೋಗುತ್ತದೆ. ಬಟನ್ ಕಾಣಲಿಲ್ಲ ಎಂದರೆ ಹಕ್ಕೂ ಮುಗಿಯಿತು ಎಂದುಕೊಳ್ಳುತ್ತೇವೆ. ಹಾಗಲ್ಲ. ಬಟನ್ ಕಂಪನಿಯದು, ಅವರು ಬೇಕಾದಾಗ ಇಡುತ್ತಾರೆ, ಬೇಡವಾದಾಗ ತೆಗೆಯುತ್ತಾರೆ. ಕೆಟ್ಟ ಮಾಲಿಗೆ ಕೊಟ್ಟ ದುಡ್ಡು ವಾಪಸ್ ಕೇಳುವ ಹಕ್ಕನ್ನು ಕೊಟ್ಟಿರುವುದು ಕಾನೂನು. ಅದನ್ನು ತೆಗೆಯಲು ಅವರಿಂದ ಆಗಲ್ಲ.

ಇಲ್ಲಿ ಒಂದು ವ್ಯತ್ಯಾಸ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಎರಡನ್ನೂ ಒಂದೇ ಮಾಡಿಕೊಳ್ಳುತ್ತಾರೆ. ಸೀರೆ ಬಣ್ಣ ಇಷ್ಟ ಆಗಲಿಲ್ಲ, ಶೂ ಯಾಕೋ ಬೇಡ ಅನಿಸಿತು, ಇಂಥದ್ದಕ್ಕೆ ವಾಪಸ್ ತೆಗೆದುಕೊಳ್ಳುವುದು ಅವರ ಪಾಲಿಸಿ. ಅಲ್ಲಿ ಅವರು 7 ದಿನ ಎಂದರೆ 7 ದಿನವೇ. ಆದರೆ ಮಾಲು ದೋಷದ್ದು, ನಕಲಿ, ಜಾಹೀರಾತಲ್ಲಿ ತೋರಿಸಿದ್ದೇ ಬೇರೆ ಬಂದದ್ದೇ ಬೇರೆ, ಇಲ್ಲವೇ ಹೇಳಿದ ದಿನಕ್ಕೆ ಬರಲೇ ಇಲ್ಲ, ಇಂಥ ಸಂದರ್ಭದಲ್ಲಿ ವಾಪಸ್ ತೆಗೆದುಕೊಳ್ಳಲ್ಲ, ದುಡ್ಡು ಕೊಡಲ್ಲ ಎಂದು ಮಾರಾಟಗಾರ ಹೇಳುವಂತಿಲ್ಲ. 2020ರ ಜುಲೈ 23ರಂದು ಬಂದ ಇ-ಕಾಮರ್ಸ್ ನಿಯಮಗಳಲ್ಲಿ ಇದು ನೇರವಾಗಿ ಇದೆ. ಅದರ ಹಿಂದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳಿಲ್ಲವಾದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿದ್ದರೆ ಅದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಕರೆಯುತ್ತದೆ. ಇಂಥ ದೂರು ಕೇಳಿ ತೀರ್ಪು ಕೊಡುವ ಗ್ರಾಹಕ ಆಯೋಗಕ್ಕೆ ಹೋಗಲು ನಮಗೆ ಇರುವ ಕಾಲ 2 ವರ್ಷ.

ಎರಡು ವರ್ಷ ಇದೆ ಎಂದು ಸುಮ್ನೆ ಕೂರಬೇಡಿ. ತಡ ಆದಷ್ಟೂ, ದೋಷ ಮೊದಲೇ ಇತ್ತು ಎಂದು ತೋರಿಸುವುದು ಕಷ್ಟ. ಅಮ್ಮ ಮೊದಲ ದಿನವೇ ಹೇಳಿದ್ದರೆ ನಾನು ಇಷ್ಟು ಅಲೆಯಬೇಕಿರಲಿಲ್ಲ. ಮನೆಯಲ್ಲಿ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು ಯಾರೋ ಅವರಿಗೇ ದೋಷ ಮೊದಲು ಗೊತ್ತಾಗುವುದು. ಆರ್ಡರ್ ಮಾಡಿದ ಫೋನು ಮಾತ್ರ ಇನ್ಯಾರದ್ದೋ ಕೈಯಲ್ಲಿ. ಮಗನಿಗೆ ಯಾಕೆ ತೊಂದರೆ, ಸೊಸೆ ಏನೆಂದುಕೊಳ್ಳುತ್ತಾಳೋ ಎಂದು ಹಿರಿಯರು ಸುಮ್ಮನಿದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಇರಬೇಡಿ. ಮಕ್ಕಳೂ ಅಷ್ಟೇ, ಸಾಮಾನು ಬಂದ ಮೂರನೇ ದಿನ ಒಂದು ಸಲ ಫೋನ್ ಮಾಡಿ 'ಅಮ್ಮಾ, ಸರಿಯಾಗಿದೆಯಾ' ಎಂದು ಕೇಳಿ.

ಸರಿ, ನಾನು ಏನು ಮಾಡಿದೆ? ಚಾಟ್ ಮಾಡುವುದನ್ನು ನಿಲ್ಲಿಸಿದೆ. ಚಾಟ್‌ನಲ್ಲಿ ಪ್ರತಿ ಸಲ ಹೊಸ ಹೆಸರಿನವರು ಬರುತ್ತಾರೆ, ಪ್ರತಿ ಸಲ ಮೊದಲಿನಿಂದ ಹೇಳಬೇಕು, ಕೊನೆಗೆ 'ಇನ್ನೇನಾದರೂ ಸಹಾಯ ಬೇಕೇ' ಎಂದು ಮುಚ್ಚಿಬಿಡುತ್ತಾರೆ. ಅಲ್ಲಿ ಕೂತಿರುವ ಹುಡುಗರ ತಪ್ಪಲ್ಲ, ಅವರ ಕೈಯಲ್ಲಿ ಇರುವ ಅಧಿಕಾರವೇ ಅಷ್ಟು. ನಮಗೆ ಬೇಕಾದವರು ಕುಂದುಕೊರತೆ ಅಧಿಕಾರಿ, ಅಂದರೆ ಗ್ರೀವನ್ಸ್ ಆಫೀಸರ್. ಪ್ರತಿ ಆನ್‌ಲೈನ್ ಮಾರುಕಟ್ಟೆಯೂ ಇಂಥ ಒಬ್ಬರನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕದ ವಿವರವನ್ನು ತಮ್ಮ ಜಾಲತಾಣದಲ್ಲಿ ಹಾಕಲೇಬೇಕು. ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ, ತಾಳ್ಮೆಯಿಂದ ಹುಡುಕಿ. ದೂರು ತಲುಪಿದ 48 ಗಂಟೆಯಲ್ಲಿ ಅವರು ತಲುಪಿತು ಎಂದು ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ದೂರಿಗೆ ಒಂದು ಟಿಕೆಟ್ ನಂಬರ್ ಕೊಡಬೇಕು. ಇದು ಅವರ ದೊಡ್ಡ ಮನಸ್ಸಲ್ಲ, ನಿಯಮ.

ನಾನು ಬರೆದ ಮೇಲ್ ಉದ್ದ ಇರಲಿಲ್ಲ. ಅದನ್ನೇ ಓದುತ್ತೇನೆ, ಬೇಕಾದವರು ಬರೆದುಕೊಳ್ಳಿ:

'ಈ ಆರ್ಡರ್ ನಂಬರಿನಲ್ಲಿ ಇಂಥ ದಿನ ಮಿಕ್ಸಿ ತಲುಪಿದೆ. ದೊಡ್ಡ ಜಾರ್ ಅಡಿಯಿಂದ ಸೋರುತ್ತಿದೆ. ಸೋರಿದ ನೀರಿನಿಂದ 12ನೇ ದಿನ ಮೋಟರ್ ಸುಟ್ಟಿದೆ. ಇದು ತಯಾರಿಕೆಯ ದೋಷ. ಫೋಟೊ, ವಿಡಿಯೊ, ಬಿಲ್, ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಚೀಟಿ ಜೊತೆಗಿವೆ. ನನಗೆ ರಿಪೇರಿ ಬೇಡ, ಬದಲಿ ಬೇಡ. ಕೊಟ್ಟ 4,299 ರೂಪಾಯಿ, ಕೊಟ್ಟ ದಾರಿಯಲ್ಲೇ ವಾಪಸ್ ಬೇಕು. ಮಾಲನ್ನು ನಿಮ್ಮ ಖರ್ಚಿನಲ್ಲಿ ಒಯ್ಯಿರಿ. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯಲ್ಲಿ ದೂರಿನ ನಂಬರ್ ಕಳಿಸಿ.'

ಇಷ್ಟೇ. ಬೈಗುಳ ಇಲ್ಲ, ಅಮ್ಮನ ಕಥೆ ಇಲ್ಲ. ಸಿಟ್ಟು ಬಂದಿರುತ್ತದೆ, ಬರೆಯಬೇಕು ಅನಿಸುತ್ತದೆ. ಆದರೆ ಈ ಮೇಲ್ ನಾಳೆ ಆಯೋಗದ ಮುಂದೆ ಹೋಗುವ ಕಾಗದ. ಅಲ್ಲಿ ಓದುವವರಿಗೆ ಬೇಕಾದ್ದು ದಿನಾಂಕ, ಮೊತ್ತ, ದೋಷ, ನಿಮ್ಮ ಬೇಡಿಕೆ. ಅದರಲ್ಲೂ ಬೇಡಿಕೆಯನ್ನು ಬಿಡಿಸಿ ಬರೆಯಿರಿ. 'ನ್ಯಾಯ ಕೊಡಿಸಿ' ಎಂದರೆ ಅವರು 200 ರೂಪಾಯಿಯ ಕೂಪನ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ವ್ಯಾಲೆಟ್ಟಿಗೆ ಹಾಕುತ್ತೇವೆ ಎಂದರೂ ಒಪ್ಪಬೇಡಿ. ಅದು ಮತ್ತೆ ಅವರ ಹತ್ತಿರವೇ ಖರ್ಚು ಮಾಡಬೇಕಾದ ದುಡ್ಡು.

ಸರ್ವಿಸ್ ಸೆಂಟರಿನ ಚೀಟಿ ಎಂದೆನಲ್ಲ, ಅದು ನನ್ನ ಕೇಸಿನಲ್ಲಿ ತುಂಬಾ ಕೆಲಸ ಮಾಡಿತು. ವಾರಂಟಿ ಕೊಡಲ್ಲ ಎಂದಾಗ ನಾನು ಜಗಳ ಆಡಲಿಲ್ಲ. 'ಸರಿ ಸಾರ್, ಯಾಕೆ ಕೊಡಲ್ಲ ಅಂತ ಜಾಬ್ ಶೀಟಿನಲ್ಲಿ ಬರೆದುಕೊಡಿ' ಎಂದೆ. ಅವರು 'ಜಾರ್ ಲೀಕೇಜ್, ಮೋಟರ್‌ನಲ್ಲಿ ನೀರು' ಎಂದು ಬರೆದು ಸೀಲ್ ಹಾಕಿದರು. ನನ್ನ ವಿರುದ್ಧ ಬರೆಯುತ್ತಿದ್ದೇವೆ ಅಂದುಕೊಂಡು ಬರೆದರು. ಆದರೆ ಜಾರ್ ಸೋರುತ್ತಿದೆ ಎಂದು ಕಂಪನಿಯವರೇ ಒಪ್ಪಿಕೊಂಡ ಹಾಗಾಯಿತಲ್ಲ. ಇಲ್ಲ ಎಂದವರ ಹತ್ತಿರ ಇಲ್ಲ ಎಂಬುದನ್ನೇ ಬರಹದಲ್ಲಿ ಇಸಿದುಕೊಳ್ಳಿ. ಫೋನಲ್ಲಿ ಹೇಳಿದರೆ, ಆ ಕರೆ ಮುಗಿದ ಕೂಡಲೇ 'ಇವತ್ತು ಇಷ್ಟು ಗಂಟೆಗೆ ನೀವು ಹೀಗೆ ಹೇಳಿದಿರಿ' ಎಂದು ಒಂದು ಮೇಲ್ ಹಾಕಿ.

ಇನ್ನು ಸಾಕ್ಷಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿ, ಮೊದಲು ವಿಳಾಸದ ಚೀಟಿ ಕಾಣಬೇಕು, ಆಮೇಲೆ ಟೇಪ್ ಕತ್ತರಿಸುವುದು, ಆಮೇಲೆ ಒಳಗಿನ ಮಾಲು, ಅದರ ಸೀರಿಯಲ್ ನಂಬರ್, ಎಲ್ಲ ಒಂದೇ ಓಟದಲ್ಲಿ. ಬಿಲ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಅದರಲ್ಲಿ ಮಾರಿದವನ ಹೆಸರು, ವಿಳಾಸ ಇರುತ್ತದೆ. ಮಾಲಿನ ಪುಟದ ಸ್ಕ್ರೀನ್‌ಶಾಟ್ ಕೂಡ ತೆಗೆಯಿರಿ, ಇದನ್ನು ಬಹಳ ಜನ ಮರೆಯುತ್ತಾರೆ. 'ಶುದ್ಧ ರೇಷ್ಮೆ' ಎಂದು ಬರೆದಿದ್ದ ಪುಟ ನೀವು ದೂರು ಕೊಟ್ಟ ಮೇಲೆ ಹಾಗೇ ಇರುತ್ತದೆ ಎಂದು ಹೇಳಲಾಗಲ್ಲ. ಓಟಿಪಿಯನ್ನು ಪೆಟ್ಟಿಗೆ ನೋಡದೆ ಹೇಳಬೇಡಿ. ಪೆಟ್ಟಿಗೆ ಒದ್ದೆಯಾಗಿದ್ದರೆ, ಟೇಪ್ ಎರಡು ಸಲ ಸುತ್ತಿದ ಹಾಗಿದ್ದರೆ, ತಂದ ಹುಡುಗನ ಎದುರಿಗೇ ಫೋಟೊ ತೆಗೆಯಿರಿ. ಅವನ ಮೇಲೆ ಕೂಗಬೇಡಿ. ಬಿಸಿಲಲ್ಲಿ ಮೂರನೇ ಮಹಡಿಗೆ ಹತ್ತಿಕೊಂಡು ಬಂದಿರುತ್ತಾನೆ, ಒಳಗೆ ಏನಿದೆ ಎಂದು ಅವನಿಗೂ ಗೊತ್ತಿರಲ್ಲ.

ನನ್ನ ಮೇಲಿಗೆ ಮಾರನೇ ದಿನವೇ ನಂಬರ್ ಬಂತು. ಆಮೇಲೆ ಹತ್ತು ದಿನ ಏನೂ ಇಲ್ಲ. ಆಗ 1915ಕ್ಕೆ ಫೋನ್ ಮಾಡಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಆರ್ಡರ್ ನಂಬರ್, ಮೊತ್ತ, ಟಿಕೆಟ್ ನಂಬರ್ ಕೇಳಿ ಬರೆದುಕೊಂಡರು, ಎಸ್ಸೆಮ್ಮೆಸ್ಸಿನಲ್ಲಿ ದೂರಿನ ಸಂಖ್ಯೆ ಬಂತು. ಒಂದು ವಿಷಯ ತಿಳಿದಿರಲಿ: 1915 ಕೋರ್ಟಲ್ಲ, ಅದು ಯಾರಿಗೂ ಆದೇಶ ಮಾಡಲಾಗಲ್ಲ. ನಿಮ್ಮ ದೂರನ್ನು ಕಂಪನಿಯೊಳಗೆ ಇದಕ್ಕೆಂದೇ ಇರುವವರ ಮೇಜಿಗೆ ತಲುಪಿಸುತ್ತದೆ, ಉತ್ತರ ಕೇಳುತ್ತದೆ. ಆದರೆ ಅಷ್ಟಕ್ಕೇ ಎಷ್ಟೋ ಕೆಲಸ ಆಗುತ್ತದೆ. ನನಗೆ ಐದನೇ ದಿನ ಕಂಪನಿಯಿಂದ ಫೋನ್ ಬಂತು. ಬಂದು ಮಿಕ್ಸಿ ಒಯ್ದರು, ಆರು ದಿನಕ್ಕೆ ದುಡ್ಡು ಖಾತೆಗೆ ಬಿತ್ತು. ಪೂರ್ತಿ 4,299.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: 'ಅಲ್ಲೂ ಆಗದಿದ್ದರೆ?'

ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹೆಸರು ಕೇಳಿದರೇ ಜನಕ್ಕೆ ಭಯ, ಕೋರ್ಟು, ವಕೀಲರು, ಫೀಸು ಎಂದು. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಬೇಕೇಬೇಕು ಎಂದಿಲ್ಲ, ನೀವೇ ವಾದಿಸಬಹುದು. 50 ಲಕ್ಷದವರೆಗಿನ ಖರೀದಿ ಜಿಲ್ಲಾ ಆಯೋಗದಲ್ಲೇ. ಮಾರಿದವನು ಸೂರತ್‌ನಲ್ಲಿರಲಿ, ದೆಹಲಿಯಲ್ಲಿರಲಿ, ನೀವು ಇರುವ ಊರಿನಲ್ಲೇ ದೂರು ಹಾಕಬಹುದು. 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರ ಎಂದರೆ ನನ್ನ ಮಟ್ಟಿಗೆ ಇದೇ. ಮೊದಲು ಎದುರಿನವನು ಇರುವ ಕಡೆಗೆ, ಇಲ್ಲವೇ ವ್ಯವಹಾರ ನಡೆದ ಕಡೆಗೆ ಹೋಗಬೇಕಿತ್ತು. ನಾಲ್ಕು ಸಾವಿರದ ಮಿಕ್ಸಿಗೆ ಯಾರು ಸೂರತ್‌ಗೆ ರೈಲು ಹತ್ತುತ್ತಾರೆ ಹೇಳಿ?

ಬೆಂಗಳೂರಲ್ಲಿ ಒಂದಕ್ಕಿಂತ ಹೆಚ್ಚು ಜಿಲ್ಲಾ ಆಯೋಗಗಳಿವೆ, ಶಾಂತಿನಗರದ ಬಿಎಂಟಿಸಿ ಕಟ್ಟಡಕ್ಕೆ ಹೋದರೆ ಕಾಣುತ್ತವೆ. ಆದರೆ ಹೋಗದೆಯೂ ಆಗುತ್ತದೆ. 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣ ಇದೆ, ದೂರು ಅಲ್ಲೇ ಹಾಕಬಹುದು. ವಿಡಿಯೊ ಮೂಲಕ ಹಾಜರಾಗಲು ಅನುಮತಿಯನ್ನೂ ಕೇಳಬಹುದು. ದೂರಿನಲ್ಲಿ ಮಾರಿದವನು, ಆನ್‌ಲೈನ್ ಮಾರುಕಟ್ಟೆ, ತಯಾರಿಸಿದ ಕಂಪನಿ, ಮೂವರನ್ನೂ ಎದುರು ಪಕ್ಷ ಮಾಡಿ. 'ನಾವು ಬರೀ ಮಧ್ಯವರ್ತಿ' ಎಂದು ಮಾರುಕಟ್ಟೆಯವರು ಹೇಳುತ್ತಾರೆ, ಹೇಳಲಿ. ನಿಮ್ಮ ದೂರನ್ನು ತಿಂಗಳಲ್ಲಿ ಬಗೆಹರಿಸುವ ಕೆಲಸ ಅವರದ್ದೂ ಹೌದಲ್ಲ, ಅದನ್ನು ಮಾಡಿದರಾ ಎಂದು ಕೇಳಿ. ಮಾಲಿನ ಬೆಲೆಯ ಜೊತೆ ಬಡ್ಡಿ, ಓಡಾಟದ ಖರ್ಚು, ಪಟ್ಟ ತೊಂದರೆಗೆ ಪರಿಹಾರ ಕೇಳಬಹುದು.

ಎಷ್ಟು ದಿನ ಹಿಡಿಯುತ್ತದೆ? ಎದುರು ಪಕ್ಷಕ್ಕೆ ನೋಟಿಸ್ ತಲುಪಿ 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ನೋಡಬೇಕು ಎಂದು ಕಾಯ್ದೆಯಲ್ಲಿದೆ. ಅಷ್ಟರಲ್ಲೇ ಮುಗಿಯುತ್ತದೆ ಎಂದು ನಾನು ಭರವಸೆ ಕೊಡಲ್ಲ, ಜಾಸ್ತಿ ಹಿಡಿದರೆ ಎದೆಗುಂದಬೇಡಿ. ನಡುವೆ ರಾಜಿಗೆ ಬಂದರೆ, ಪೂರ್ತಿ ದುಡ್ಡು ಕೊಡುತ್ತಾರಾದರೆ, ಒಪ್ಪಿಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಪಕ್ಕದ ಬೀದಿಯ ಟೈಲರ್ ಅಕ್ಕ ಮುಂದಿನ ಸಾಲಲ್ಲೇ ಕೂತಿದ್ದರು. ಅವರದ್ದು ಹೊಲಿಗೆ ಮಿಷಿನ್, ಬಂದ ತಿಂಗಳಿಗೇ ನೂಲು ಕಡಿಯಲು ಶುರು. 'ನಾನು ಇದರಲ್ಲಿ ದುಡೀತೀನಲ್ಲ, ವ್ಯಾಪಾರಕ್ಕೆ ತಗೊಂಡಿದ್ದು ಅಂತ ಹೇಳಿ ಕಳಿಸಿಬಿಟ್ರು' ಎಂದರು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಇಲ್ಲೂ ಹೇಳುತ್ತೇನೆ. ಮರುಮಾರಾಟಕ್ಕೆ, ದೊಡ್ಡ ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ಮಿಷಿನ್ನು, ಆಟೊ, ಗ್ರೈಂಡರ್ ಇಂಥವಕ್ಕೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಒಬ್ಬರೇ ಕೂತು ಹೊಲಿಯುವ ಟೈಲರ್ ಅಕ್ಕ ಕಾನೂನಿನ ಕಣ್ಣಲ್ಲಿ ಪಕ್ಕಾ ಗ್ರಾಹಕಿ. ದೂರಿನಲ್ಲಿ 'ನನ್ನ ಜೀವನೋಪಾಯಕ್ಕಾಗಿ, ನಾನೇ ದುಡಿಯಲು ಕೊಂಡದ್ದು' ಎಂಬ ಒಂದು ಸಾಲು ಬರೆಯುವುದನ್ನು ಮರೆಯಬೇಡಿ ಎಂದೆ. ಅವರು ಅದನ್ನು ಎರಡು ಸಲ ಹೇಳಿಸಿ ಬರೆದುಕೊಂಡರು.

ದುಡ್ಡು ವಾಪಸ್ ಬರುವಾಗಿನ ಒಂದು ಅಪಾಯದ ಬಗ್ಗೆಯೂ ಹೇಳಲೇಬೇಕು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಕಳ್ಳರು ತಮ್ಮ ನಂಬರನ್ನೇ ಅಲ್ಲಿ ಹಾಕಿರುತ್ತಾರೆ. 'ರಿಫಂಡ್ ಕಳಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಪಿನ್ ಒತ್ತಿ' ಎನ್ನುತ್ತಾರೆ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಡವೇ ಬೇಡ, ಪಿನ್ ಬೇಕಾಗುವುದು ದುಡ್ಡು ಹೋಗುವುದಕ್ಕೆ. ಮನೆಯ ಹಿರಿಯರಿಗೆ ಇದೊಂದನ್ನು ಹತ್ತು ಸಲ ಹೇಳಿ. ಯಾಮಾರಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ, ಅಲ್ಲಿ ನಿಮಿಷಗಳ ಲೆಕ್ಕ. ಮನೆ ಬಾಗಿಲಲ್ಲಿ ನಗದು ಕೊಟ್ಟು ತಗೊಂಡಿದ್ದರೆ ವಾಪಸಿಗೆ ಬ್ಯಾಂಕ್ ಖಾತೆ ಕೇಳುತ್ತಾರೆ, ಅದನ್ನು ಆ್ಯಪಿನ ಆರ್ಡರ್ ಪುಟದಲ್ಲಷ್ಟೇ ತುಂಬಿ, ಯಾರೋ ಕಳಿಸಿದ ಲಿಂಕಿನಲ್ಲಲ್ಲ. 'ರಿಫಂಡ್ ಆಗಿದೆ' ಎಂದು ಅವರು ಹೇಳಿದರೂ ಖಾತೆಗೆ ಬಂದಿಲ್ಲ ಎಂದರೆ ಹಣ ಕಳಿಸಿದ್ದರ ಗುರುತಿನ ಸಂಖ್ಯೆಯಾದ ಯುಟಿಆರ್ ನಂಬರ್ ಕೇಳಿ, ಕಾರ್ಡಾದರೆ ಎಆರ್‌ಎನ್. ಅದನ್ನು ಹಿಡಿದು ಬ್ಯಾಂಕಿಗೆ ಹೋದರೆ ದುಡ್ಡು ಎಲ್ಲಿ ನಿಂತಿದೆ ಎಂದು ಗೊತ್ತಾಗುತ್ತದೆ.

ಮಾತು ಮುಗಿಸಿ ಇಳಿಯುವಾಗ ಹಿರಿಯರೊಬ್ಬರು ಬಟ್ಟೆಯ ಚೀಲದಿಂದ ಒಂದು ಪ್ರೆಶರ್ ಕುಕ್ಕರ್ ತೆಗೆದು ಕುರ್ಚಿ ಮೇಲೆ ಇಟ್ಟರು. ಮುಚ್ಚಳದ ಅಂಚಿನಿಂದ ಹಬೆ ಹೋಗುತ್ತೆ, ವಿಷಲ್ ಕೂಗುವುದೇ ಇಲ್ಲ, ಗ್ಯಾಸ್ಕೆಟ್ ಎರಡು ಸಲ ಬದಲಾಯಿಸಿದೆ ಎಂದರು. ತಿರುಗಿಸಿ ನೋಡಿದೆವು, ಐಎಸ್‌ಐ ಗುರುತೇ ಇಲ್ಲ. ಮನೆಯಲ್ಲಿ ಬಳಸುವ ಕುಕ್ಕರಿಗೆ 2021ರ ಫೆಬ್ರವರಿಯಿಂದ ಅದು ಕಡ್ಡಾಯ. ಇಂಥ ಕುಕ್ಕರ್ ಮಾರಿದ್ದಕ್ಕೇ 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎರಡು ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೇಲೆ ಆದೇಶ ಹೊರಡಿಸಿತ್ತು. ಒಂದರಲ್ಲಿ 2,265 ಕುಕ್ಕರ್, ಇನ್ನೊಂದರಲ್ಲಿ 598. ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ವಾಪಸ್ ಪಡೆದು, ಹಣ ಕೊಡಿ ಎಂದು ಹೇಳಿ ತಲಾ 1 ಲಕ್ಷ ದಂಡ ಹಾಕಿತ್ತು. ಐಎಸ್‌ಐ ಗುರುತು ಇದ್ದರೂ ಅದರ ಕೆಳಗೆ ಸಿಎಂ/ಎಲ್ ಎಂದು ಒಂದು ಲೈಸೆನ್ಸ್ ನಂಬರ್ ಇರಬೇಕು, ಈ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ.

'ತಗೊಂಡು ನಲವತ್ತು ದಿನ ಆಯ್ತಲ್ಲಪ್ಪ, ರಿಟರ್ನ್ ತೋರಿಸ್ತಿಲ್ಲ' ಎಂದರು ಅವರು. ಇದನ್ನು ಇನ್ನು ಒಲೆ ಮೇಲೆ ಇಡಬೇಡಿ ತಾತ ಎಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವರ ಫೋನಿನಿಂದ ಕುಕ್ಕರಿನ ತಳದ ಫೋಟೊ ತೆಗೆದೆವು. ಅವರ ಮೊಮ್ಮಗಳು ಕುಂದುಕೊರತೆ ಅಧಿಕಾರಿಯ ವಿಳಾಸ ಹುಡುಕಿದಳು, ತಾತ ಹೇಳಿದರು, ಅವಳು ಟೈಪ್ ಮಾಡಿದಳು. 12 ಗಂಟೆ 10 ನಿಮಿಷಕ್ಕೆ ಮೇಲ್ ಹೋಯಿತು. ಸೋಮವಾರ ಸಂಜೆ ಟಿಕೆಟ್ ನಂಬರ್ ಬಂದಿದೆ ಎಂದು ಮೊಮ್ಮಗಳು ಮೆಸೇಜ್ ಮಾಡಿದ್ದಾಳೆ.